ಜಿಪಿಎಸ್ ಕೈಲಿದ್ದರೆ ಸಾಲದು, ಟ್ರ್ಯಾಕ್ ಲಾಗ್ ನೆಟ್ಟಗಿರಬೇಕು

ಉಪಗ್ರಹದ ಸಂಕೇತ ಹಿಡಿದು ನಾವಿರುವ ಜಾಗ ತೋರಿಸುವ ಪುಟ್ಟ ಉಪಕರಣ ಕೈ ಜಿಪಿಎಸ್. ಮೊದಲ ಸಲ ಅದನ್ನು ಹಿಡಿದು ಕುಮಾರ ಪರ್ವತ ಹತ್ತಿ ಬಂದಾಗ ಅದು ತೋರಿಸಿದ ಲೆಕ್ಕ ನೋಡಿ ನಕ್ಕಿದ್ದೆ. ನಾನು ಹತ್ತಿರ ಹತ್ತಿರ 300 ಕಿಲೋಮೀಟರ್ ನಡೆದಿದ್ದೇನಂತೆ, ಗರಿಷ್ಠ ವೇಗ ಗಂಟೆಗೆ 84 ಕಿ.ಮೀ. ಅಂತೆ! ಆಗಿದ್ದಿಷ್ಟೇ. ಬೆಂಗಳೂರಿನಲ್ಲಿ ಬಸ್ ಹತ್ತುವಾಗ ಬ್ಯಾಟರಿ ಸೆಲ್ ಎಷ್ಟಿದೆ ನೋಡೋಣ ಅಂತ ಜಿಪಿಎಸ್ ಆನ್ ಮಾಡಿದ್ದೆ, ಆಫ್ ಮಾಡಲು ಮರೆತೆ. ಕಿಟಕಿ ಪಕ್ಕದಲ್ಲಿ ನೇತಾಡುತ್ತಿದ್ದ ಬ್ಯಾಗಿನೊಳಗೆ ಕೂತು ಅದು ರಾತ್ರಿಯಿಡೀ ಬಸ್ಸಿನ ದಾರಿಯನ್ನೇ ಬರೆದುಕೊಂಡಿದೆ. ಶಿರಾಡಿ ಘಾಟಿಯ ತಿರುವುಗಳೆಲ್ಲ ಚೆನ್ನಾಗಿ ಮೂಡಿದ್ದವು. ನನಗೆ ಬೇಕಿದ್ದ ದಾರಿ ಮಾತ್ರ ಭಟ್ಟರ ಮನೆ ದಾಟಿ ಸ್ವಲ್ಪ ಮೇಲೆ, ಹುಲ್ಲುಗಾವಲಿನಲ್ಲಿ ನಿಂತುಬಿಟ್ಟಿತ್ತು. ಸೆಲ್ ಖಾಲಿ.

ಆಮೇಲೆ ಎಷ್ಟೋ ಸಲ ಬೇರೆ ಬೇರೆ ಥರ ತಪ್ಪು ಮಾಡಿದ್ದೇನೆ. ನೋಡನೋಡುತ್ತ ಒಂದು ವಿಷಯ ಗೊತ್ತಾಯಿತು: ಟ್ರ್ಯಾಕ್ ಕೆಡುವುದು ಕಾಡಿನ ನಡುವೆ ಕಡಿಮೆ. ಹೊರಡುವ ಮುಂಚಿನ ಹತ್ತು ನಿಮಿಷ ಮತ್ತು ಮುಗಿದ ಮೇಲಿನ ಹತ್ತು ನಿಮಿಷದಲ್ಲೇ ಜಾಸ್ತಿ ಕೆಡುತ್ತದೆ. ಅದಕ್ಕೇ ಕೆಳಗೆ ಆ ಎರಡು ಹೊತ್ತಿನ ಮಾತೇ ಹೆಚ್ಚು.

ಟ್ರ್ಯಾಕ್ ಲಾಗ್ ಅಂದರೆ ಚುಕ್ಕಿಗಳ ಸಾಲು, ಅಷ್ಟೇ. ಒಂದೊಂದು ಚುಕ್ಕಿಗೂ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಅಂತ ನಾಲ್ಕು ಸಂಗತಿ ಅಂಟಿಕೊಂಡಿರುತ್ತವೆ. ದೂರ, ವೇಗ, ಏರಿಳಿತ ಎಲ್ಲವನ್ನೂ ಇವುಗಳಿಂದಲೇ ಲೆಕ್ಕ ಹಾಕುವುದು. ಚುಕ್ಕಿಯಿಂದ ಚುಕ್ಕಿಗೆ ಉಪಕರಣ ನೇರ ಗೆರೆ ಎಳೆಯುತ್ತದೆ. ಚುಕ್ಕಿ ದೂರ ದೂರ ಇದ್ದರೆ ನಡುವಿನ ಬಳಸು ದಾರಿ ಕಾಣೆಯಾಗುತ್ತದೆ. ಟ್ರ್ಯಾಕ್ ಅನ್ನುವುದು ನೀವು ನಡೆದದ್ದು, ರೂಟ್ ಅನ್ನುವುದು ನಡೆಯಬೇಕು ಅಂದುಕೊಂಡದ್ದು, ವೇಪಾಯಿಂಟ್ ಅನ್ನುವುದು ಹೆಸರಿಟ್ಟ ಒಂದು ಜಾಗ. ಈ ಮೂರನ್ನು ಕಲಸಿಕೊಳ್ಳಬೇಡಿ.

ಹೊರಡುವ ಹಿಂದಿನ ರಾತ್ರಿ

ನನ್ನ ಹತ್ತಿರ ಇರುವುದು ಗಾರ್ಮಿನ್ ಇಟ್ರೆಕ್ಸ್ 30. ಹಳೇ ಮಾದರಿ, ಎರಡು ಡಬಲ್ ಎ ಸೆಲ್ ಹಾಕಿದರೆ ಓಡುತ್ತದೆ. ನಿಮ್ಮದು ಬೇರೆ ಇದ್ದರೆ ಮೆನುವಿನ ಹೆಸರು ಆಚೀಚೆ ಆಗಬಹುದು, ಕೆಲಸ ಅದೇ.

ಮೊದಲು ಸೆಲ್. ರೀಚಾರ್ಜ್ ಮಾಡುವ ನಿಕಲ್ ಸೆಲ್ ಹಾಕಿದ್ದರೆ ಸೆಟಪ್‌ನಲ್ಲಿ ಬ್ಯಾಟರಿ ಟೈಪ್ ಅನ್ನೂ ಅದಕ್ಕೇ ಬದಲಿಸಿ. ಅದು 1.2 ವೋಲ್ಟಿನದು, ಅಂಗಡಿಯ ಆಲ್ಕಲೈನ್ ಸೆಲ್ 1.5 ವೋಲ್ಟಿನದು. ಬದಲಿಸದಿದ್ದರೆ ತುಂಬಿದ ಸೆಲ್ಲನ್ನೂ ಅರ್ಧ ಖಾಲಿ ಅಂತ ತೋರಿಸಿ ಹೆದರಿಸುತ್ತದೆ. ಕಂಪನಿ 25 ಗಂಟೆ ಅನ್ನುತ್ತದೆ. ಪರದೆ ಬೆಳಕು ಹಚ್ಚಿಕೊಂಡು ಆಗಾಗ ನೋಡುವ ನನ್ನಂಥವರಿಗೆ ಅಷ್ಟು ಬಾರದು. ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ.

ಆಮೇಲೆ ಸೆಟಪ್ ಒಳಗೆ ಟ್ರ್ಯಾಕ್ಸ್‌ಗೆ ಹೋಗಿ. ಟ್ರ್ಯಾಕ್ ಲಾಗ್ ಅನ್ನುವಲ್ಲಿ ಮೂರು ಆಯ್ಕೆ ಇರುತ್ತವೆ: ದಾಖಲಿಸಬೇಡ, ದಾಖಲಿಸು ಆದರೆ ತೋರಿಸಬೇಡ, ದಾಖಲಿಸಿ ಮ್ಯಾಪಿನಲ್ಲೂ ತೋರಿಸು. ಮೂರನೆಯದು ಇರಲಿ. ಗೆರೆ ಕಣ್ಣಿಗೆ ಬೀಳುತ್ತಿದ್ದರೆ ತಾನೇ ದಾಖಲಾಗುತ್ತಿದೆ ಅಂತ ಗೊತ್ತಾಗುವುದು.

ಅದರ ಕೆಳಗಿನ ರೆಕಾರ್ಡ್ ಮೆಥಡ್‌ನಲ್ಲಿ ಸ್ವಲ್ಪ ನಿಲ್ಲಿ. ಚುಕ್ಕಿಯನ್ನು ಯಾವಾಗ ಇಡಬೇಕು ಅಂತ ಹೇಳುವ ಜಾಗ ಇದು. ದೂರದ ಲೆಕ್ಕ, ಸಮಯದ ಲೆಕ್ಕ, ಆಟೋ ಅಂತ ಮೂರಿವೆ. ಆಟೋದಲ್ಲಿ ಉಪಕರಣ ತಾನೇ ನಿರ್ಧರಿಸುತ್ತದೆ, ತಿರುವಿನಲ್ಲಿ ಹೆಚ್ಚು, ನೇರ ದಾರಿಯಲ್ಲಿ ಕಡಿಮೆ. ಎಷ್ಟು ದಟ್ಟವಾಗಿರಬೇಕು ಅಂತ ಐದು ಹಂತದಲ್ಲಿ ಹೇಳಬಹುದು, ಮೋಸ್ಟ್ ಆಫನ್ ಅಂದರೆ ಅತಿ ದಟ್ಟ, ಲೀಸ್ಟ್ ಆಫನ್ ಅಂದರೆ ಅತಿ ವಿರಳ.

ಇಟ್ರೆಕ್ಸ್ 30ರ ನಡೆಯುತ್ತಿರುವ ಲಾಗ್ ಹಿಡಿಯುವುದು 10,000 ಚುಕ್ಕಿ. ಸೆಕೆಂಡಿಗೊಂದು ಇಟ್ಟರೆ 2 ಗಂಟೆ 46 ನಿಮಿಷಕ್ಕೆ ಭರ್ತಿ. 5 ಸೆಕೆಂಡಿಗೊಂದು ಇಟ್ಟರೆ ಸುಮಾರು 13 ಗಂಟೆ 53 ನಿಮಿಷ ಬರುತ್ತದೆ. 10 ಮೀಟರಿಗೊಂದು ಅಂದರೆ 100 ಕಿ.ಮೀ. ಬಾಳುತ್ತದೆ. ಬೆಟ್ಟದಲ್ಲಿ ನಾವು ನಡೆಯುವುದು ಸೆಕೆಂಡಿಗೆ ಒಂದು ಮೀಟರ್, ಏರಿನಲ್ಲಿ ಅದೂ ಇಲ್ಲ. ಅಂದರೆ 5 ಸೆಕೆಂಡಿಗೆ ಮೂರರಿಂದ ಐದು ಮೀಟರ್. ಉಪಕರಣದ ತಪ್ಪೇ ಅಷ್ಟಿರುತ್ತದೆ, ಅದಕ್ಕಿಂತ ದಟ್ಟವಾಗಿ ಚುಕ್ಕಿ ಇಟ್ಟು ಏನು ಉಪಯೋಗ? ಒಂದು ದಿನದ ನಡಿಗೆಗೆ ನಾನು 5 ಸೆಕೆಂಡ್ ಇಡುತ್ತೇನೆ. ಎರಡು ದಿನದ್ದಾದರೆ ಆಟೋ, ಮೋರ್ ಆಫನ್. ಲೆಸ್ ಆಫನ್, ಲೀಸ್ಟ್ ಆಫನ್ ಕಡೆ ಬೆಟ್ಟದಲ್ಲಿ ಹೋಗಲೇಬೇಡಿ. ಯಾಕೆ ಅಂತ ಮಂಜಿನ ಕಥೆಯಲ್ಲಿ ಹೇಳುತ್ತೇನೆ.

ಕೊನೆಗೆ ಆಟೋ ಆರ್ಕೈವ್. ಲಾಗ್ ತುಂಬಿದಾಗ ಅಥವಾ ದಿನಕ್ಕೊಮ್ಮೆ ತಾನೇ ಕಟ್ಟಿ ಬೇರೆ ಫೋಲ್ಡರಿನಲ್ಲಿ ಇಡುವ ಏರ್ಪಾಡು ಇದು. ಹಳೆಯ ಕೆಲವು ಮಾದರಿಗಳಲ್ಲಿ ಇದು ಇಲ್ಲ. ಅವುಗಳಲ್ಲಿ ಜಾಗ ತುಂಬಿದರೆ ಹಳೇ ಚುಕ್ಕಿಯ ಮೇಲೇ ಹೊಸದನ್ನು ಬರೆಯುತ್ತ ಹೋಗುತ್ತದೆ. ಸಂಜೆ ನೋಡಿದರೆ ಬೆಳಗಿನ ದಾರಿಯೇ ಇರುವುದಿಲ್ಲ.

ಇನ್ನೊಂದು ಮಾತು, ವಿಷಯ ಸ್ವಲ್ಪ ಪಕ್ಕದ್ದು. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಉಪಕರಣಗಳೂ ನೋಡಲು ಹೀಗೇ ಇರುತ್ತವೆ. ಅಮೆರಿಕದಲ್ಲಿರುವ ನೆಂಟರು ತಂದುಕೊಡುತ್ತೇನೆ ಅಂದರೆ ಮಾದರಿ ಯಾವುದು ಅಂತ ಮೊದಲೇ ನೋಡಿ. ನಮ್ಮ ದೇಶದಲ್ಲಿ ಅಂಥದ್ದನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತೀರಿ.

ದಾರಿಯ ಬುಡದಲ್ಲಿ ನಿಂತು

ಕುಕ್ಕೆಯಲ್ಲಿ ಬಸ್ ಇಳಿದು, ಕಾಫಿ ಕುಡಿದು, ನೇರ ಕಾಡಿನ ದಾರಿ ಹಿಡಿದು ಅಲ್ಲಿ ಮರದ ಕೆಳಗೆ ಆನ್ ಮಾಡುವುದು ಎಲ್ಲರ ಅಭ್ಯಾಸ. ಕಾಫಿ ಕುಡಿಯುವಾಗಲೇ ಬಯಲಲ್ಲಿ ಆನ್ ಮಾಡಿ ಇಡಿ. ಪ್ರತಿ ಉಪಗ್ರಹ ತಾನು ಎಲ್ಲಿದ್ದೇನೆ ಅನ್ನುವ ಮಾಹಿತಿಯನ್ನು 30 ಸೆಕೆಂಡಿಗೊಮ್ಮೆ ಸಾರುತ್ತದೆ. ಉಳಿದ ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಇಳಿಯಲು 12 ನಿಮಿಷ 30 ಸೆಕೆಂಡ್ ಬೇಕು. ಉಪಕರಣ ತಿಂಗಳುಗಟ್ಟಲೆ ಬೀರುವಿನಲ್ಲಿದ್ದರೆ, ಅಥವಾ ಆಫ್ ಆಗಿದ್ದು ನೂರಾರು ಕಿಲೋಮೀಟರ್ ದೂರ ಬಂದಿದ್ದರೆ, ಮೊದಲ ಸಲ ಜಾಗ ಹಿಡಿಯಲು ತಡ ಮಾಡುತ್ತದೆ.

ಉಪಗ್ರಹದ ಪುಟ ತೆರೆದು ನೋಡಿ. ಜಾಗ ಎಷ್ಟು ತಪ್ಪಿರಬಹುದು ಅಂತ ಮೇಲೆ ಮೀಟರ್ ಲೆಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು 30 ಇದ್ದಾಗ ಹೊರಟರೆ ಟ್ರ್ಯಾಕಿನ ತಲೆ ಸಿಕ್ಕುಸಿಕ್ಕಾಗಿರುತ್ತದೆ. ಐದಾರಕ್ಕೆ ಇಳಿಯಲಿ.

ಆಗ ಎರಡು ಕೆಲಸ. ಒಂದು, ಸೆಟಪ್‌ನ ರೀಸೆಟ್‌ಗೆ ಹೋಗಿ ಕರೆಂಟ್ ಟ್ರ್ಯಾಕ್ ಅಳಿಸಿ. ಹಳೆಯದು ಬೇಕಿದ್ದರೆ ಮೊದಲು ಸೇವ್ ಮಾಡಿ. ಎರಡು, ಅಲ್ಲೇ ಇರುವ ಟ್ರಿಪ್ ಡೇಟಾವನ್ನೂ ಸೊನ್ನೆ ಮಾಡಿ. ಇವೆರಡೂ ಬೇರೆ ಬೇರೆ. ಟ್ರ್ಯಾಕ್ ಅಳಿಸಿದ ಮಾತ್ರಕ್ಕೆ ಟ್ರಿಪ್ ಕಂಪ್ಯೂಟರಿನ ದೂರ, ವೇಗ ಸೊನ್ನೆ ಆಗುವುದಿಲ್ಲ. ನನ್ನ 84 ಕಿ.ಮೀ. ವೇಗ ಮುಂದಿನ ಎರಡು ಚಾರಣಕ್ಕೂ ಹಾಗೇ ಕೂತಿತ್ತು.

ನಿಂತಲ್ಲೇ ಒಂದು ವೇಪಾಯಿಂಟ್ ಒತ್ತಿ. ಮೊಬೈಲ್ ಕ್ಯಾಮೆರಾ ಬಿಟ್ಟು ಬೇರೆ ಕ್ಯಾಮೆರಾ ತಂದಿದ್ದರೆ ಜಿಪಿಎಸ್ ಪರದೆಯಲ್ಲಿ ಗಡಿಯಾರ ಬರಿಸಿ, ಸೆಕೆಂಡ್ ಕಾಣುವ ಹಾಗೆ ಅದರದ್ದೊಂದು ಫೋಟೋ ಹೊಡೆದುಕೊಳ್ಳಿ. ಮನೆಗೆ ಬಂದ ಮೇಲೆ ಈ ಫೋಟೋ ದೊಡ್ಡ ಉಪಕಾರ ಮಾಡುತ್ತದೆ.

ನಡೆಯುವಾಗ

ಪ್ಯಾಂಟಿನ ಜೇಬಿಗೆ ಹಾಕಬೇಡಿ. ನಮ್ಮ ಮೈಯಲ್ಲಿ ಹೆಚ್ಚಿರುವುದು ನೀರು, ಅದು ಸಂಕೇತವನ್ನು ನುಂಗುತ್ತದೆ. ಬ್ಯಾಗಿನ ಭುಜದ ಪಟ್ಟಿಗೆ, ಆದಷ್ಟು ಮೇಲೆ, ಪರದೆ ಆಕಾಶ ನೋಡುವ ಹಾಗೆ ಸಿಕ್ಕಿಸಿ. ಇಟ್ರೆಕ್ಸ್‌ನಂಥ ಚಪ್ಪಟೆ ಆಂಟೆನಾದವು ಮಲಗಿಸಿ ಹಿಡಿದರೆ ಚೆನ್ನಾಗಿ ಹಿಡಿಯುತ್ತವೆ. ತಲೆಯ ಮೇಲೆ ಗಿಡ್ಡ ಕೊಂಬು ಇರುವ ಜಿಪಿಎಸ್‌ಮ್ಯಾಪ್ 64ರಂಥವನ್ನು ನೆಟ್ಟಗೆ ನಿಲ್ಲಿಸಬೇಕು. ದಾರ ಕಟ್ಟಿರಲಿ. ಇಂಬಳ ಕೀಳಲು ಬಗ್ಗಿದಾಗ ಉಪಕರಣ ತರಗೆಲೆಯೊಳಗೆ ಜಾರಿ, ಹುಡುಕಿ ಹುಡುಕಿ ಸಾಕಾಗಿದೆ ನನಗೆ.

ದಟ್ಟ ಮರದ ಕೆಳಗೆ, ಬಂಡೆಯ ಪಕ್ಕದಲ್ಲಿ ಗೆರೆ ಕುಣಿಯುತ್ತದೆ. ಸಂಕೇತ ಬಂಡೆಗೆ ಬಡಿದು ಸುತ್ತಿ ಬಂದರೆ ಉಪಕರಣಕ್ಕೆ ದೂರದ ಲೆಕ್ಕ ತಪ್ಪುತ್ತದೆ. ಅದಕ್ಕೇನೂ ಮಾಡಲಾಗದು, ನಡೆಯಿರಿ. ಊಟಕ್ಕೆ ಕೂತಾಗ ಇನ್ನೊಂದು ತಮಾಷೆ ನೋಡಬಹುದು. ನೀವು ಕದಲದಿದ್ದರೂ ಜಾಗ ಆಚೀಚೆ ತೂಗಾಡುತ್ತದೆ, ಚುಕ್ಕಿಗಳು ಜೇನುಗೂಡಿನ ಹಾಗೆ ಗುಂಪುಕಟ್ಟುತ್ತವೆ. ಅರ್ಧ ಗಂಟೆ ಕೂತರೆ ನೂರಿನ್ನೂರು ಮೀಟರ್ ಸುಳ್ಳು ದೂರ ಸೇರಬಹುದು. ದೊಡ್ಡ ವಿಶ್ರಾಂತಿ ಆದರೆ ಬಯಲಲ್ಲಿ ಇಟ್ಟುಬಿಡಿ, ಆಗ ತೂಗಾಟ ಕಡಿಮೆ. ಚಿಕ್ಕ ವಿಶ್ರಾಂತಿಗೆಲ್ಲ ಆಫ್ ಮಾಡಬೇಡಿ. ಮತ್ತೆ ಆನ್ ಮಾಡಲು ಮರೆಯುವುದು ಗ್ಯಾರಂಟಿ.

ಕವಲು ದಾರಿ, ನೀರು ಸಿಗುವ ಜಾಗ, ಜಾರುವ ಬಂಡೆ ಇಲ್ಲೆಲ್ಲ ವೇಪಾಯಿಂಟ್ ಒತ್ತಿ. ಹೆಸರು ಟೈಪ್ ಮಾಡುತ್ತ ನಿಲ್ಲಬೇಡಿ, ಆ ಪುಟ್ಟ ಗುಂಡಿಯಲ್ಲಿ ಅಕ್ಷರ ಹುಡುಕುವಷ್ಟರಲ್ಲಿ ಜೊತೆಯವರು ಮುಂದೆ ಹೋಗಿರುತ್ತಾರೆ. ಉಪಕರಣ ಕೊಡುವ 001, 002 ಹಾಗೇ ಇರಲಿ. ಚೀಟಿಯಲ್ಲಿ ‘007, ಕಲ್ಲು ಮಂಟಪ, ನೀರಿದೆ’ ಅಂತ ಗೀಚಿಕೊಳ್ಳಿ, ಸಾಕು.

ಮಂಜು ಕವಿದರೆ

ಟ್ರ್ಯಾಕ್ ಲಾಗ್ ಬೇಕಾಗುವುದೇ ಇಂಥ ಹೊತ್ತಿಗೆ. ಟ್ರ್ಯಾಕ್ ಮ್ಯಾನೇಜರ್‌ನಲ್ಲಿ ಕರೆಂಟ್ ಟ್ರ್ಯಾಕ್ ತೆರೆದು ಟ್ರ್ಯಾಕ್‌ಬ್ಯಾಕ್ ಒತ್ತಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಕರೆದುಕೊಂಡು ಹೋಗುತ್ತದೆ. ಹೇಳಲು ಸುಲಭ.

ಒಮ್ಮೆ ಮಧ್ಯಾಹ್ನ ತುದಿಯಿಂದ ಇಳಿದು, ನಡುವಿನ ಕಾಡು ದಾಟಿ ಶೇಷ ಪರ್ವತದ ಬೆನ್ನಿಗೆ ಬಂದಿದ್ದೆವು. ಮೋಡ ಬಂದು ಕೂತಿತು. ಹತ್ತು ಹೆಜ್ಜೆ ಮುಂದಿನದು ಕಾಣದು. ಹುಲ್ಲಿನಲ್ಲಿ ದಾರಿಯ ಥರ ಕಾಣುವ ಜಾಡು ಮೂರಿದ್ದವು, ಮನುಷ್ಯರದ್ದೋ ಕಾಟಿಯದ್ದೋ ಗೊತ್ತಿಲ್ಲ. ಪರದೆ ನೋಡಿದರೆ ಬಾಣದ ಗುರುತು ಬೆಳಗಿನ ಗೆರೆಗಿಂತ 8 ಮೀಟರ್ ಎಡಕ್ಕಿದೆ. ನಾನು ಜಾಣನ ಹಾಗೆ ಬಲಕ್ಕೆ ಸರಿದೆ. ಗೆರೆಯ ಮೇಲೆ ಬಾಣ ಕೂತಿತು, ಕಾಲ ಕೆಳಗೆ ದಾರಿಯೇ ಇಲ್ಲ! ಎರಡು ಹೆಜ್ಜೆ ಮುಂದೆ ಹುಲ್ಲು ಕೆಳಕ್ಕೆ ಬಾಗಿತ್ತು. ಮೊದಲು ನಿಂತಿದ್ದ ಜಾಡೇ ಸರಿಯಾದ ದಾರಿಯಾಗಿತ್ತು.

ಲೆಕ್ಕ ಸರಳ. ಬೆಳಿಗ್ಗೆ ಗೆರೆ ಬರೆಯುವಾಗ 5 ಮೀಟರ್ ತಪ್ಪಿರಬಹುದು. ಈಗ ನೀವು ನಿಂತ ಜಾಗ ತೋರಿಸುವುದರಲ್ಲೂ 5 ಮೀಟರ್ ತಪ್ಪಿರಬಹುದು. ಎರಡೂ ವಿರುದ್ಧ ದಿಕ್ಕಿಗೆ ತಪ್ಪಿದರೆ, ಅದೇ ದಾರಿಯ ಮೇಲೆ ನಿಂತಿದ್ದರೂ ಪರದೆಯಲ್ಲಿ 10 ಮೀಟರ್ ಅಂತರ ಕಾಣುತ್ತದೆ. ಅದಕ್ಕೆ ನಾನು ಈಗ ಹೀಗೆ ಮಾಡುತ್ತೇನೆ. ಅಂತರ 10 ಮೀಟರ್ ಒಳಗಿದ್ದರೆ ಪರದೆ ಬಿಟ್ಟು ನೆಲ ನೋಡುತ್ತೇನೆ. 20 ದಾಟಿ ಇನ್ನೂ ಹೆಚ್ಚುತ್ತಿದ್ದರೆ ಅಲ್ಲೇ ನಿಲ್ಲುತ್ತೇನೆ. ಗೆರೆ ಸೇರಲು ಅಡ್ಡ ಹಾಯುವುದಿಲ್ಲ, ಬಂದ ಹೆಜ್ಜೆಯಲ್ಲೇ ವಾಪಸ್ ಹೋಗಿ, ಗೆರೆಯೂ ದಾರಿಯೂ ಎರಡೂ ಸರಿ ಇದ್ದ ಕೊನೆಯ ಜಾಗದಿಂದ ಮತ್ತೆ ಶುರು.

ಲೀಸ್ಟ್ ಆಫನ್ ಬೇಡ ಅಂದದ್ದು ಇದಕ್ಕೇ. ಚುಕ್ಕಿ ದೂರ ದೂರ ಇದ್ದರೆ ಟ್ರ್ಯಾಕ್‌ಬ್ಯಾಕ್ ನೇರ ಗೆರೆ ಎಳೆಯುತ್ತದೆ. ಕಮರಿಯನ್ನು ಬಳಸಿಕೊಂಡು ಬಂದಿದ್ದರೆ ಆ ಗೆರೆ ಕಮರಿಯ ಮೇಲೇ ಹೋಗುತ್ತದೆ.

ಮಂಜಿನಲ್ಲಿ ದಿಕ್ಸೂಚಿಯೂ ಆಟ ಆಡಿಸುತ್ತದೆ. ಇಟ್ರೆಕ್ಸ್ 10, 20ರಲ್ಲಿ ಅಯಸ್ಕಾಂತದ ದಿಕ್ಸೂಚಿ ಇಲ್ಲ. ನಡೆಯುತ್ತಿದ್ದರೆ ಮಾತ್ರ ದಿಕ್ಕು ಸರಿ, ನಿಂತರೆ ಮುಳ್ಳು ಎತ್ತಲೋ ತಿರುಗುತ್ತದೆ. 30ರಲ್ಲಿ ಇದೆ, ಆದರೆ ಸೆಲ್ ಬದಲಿಸಿದ ಮೇಲೆ ಒಮ್ಮೆ ಸರಿಹೊಂದಿಸಬೇಕು.

ಮುಗಿದ ಕೂಡಲೇ

ಕೆಳಗೆ ಬಂದಿರಿ. ಕಾಲು ನೋವು, ಹಸಿವು, ಬಸ್ಸಿನ ಗಡಿಬಿಡಿ. ಆದರೂ ಬಸ್ ಹತ್ತುವ ಮುಂಚೆ ಟ್ರ್ಯಾಕ್ ಮ್ಯಾನೇಜರ್, ಕರೆಂಟ್ ಟ್ರ್ಯಾಕ್, ಸೇವ್ ಟ್ರ್ಯಾಕ್ ಒತ್ತಿ ಉಪಕರಣ ಆಫ್ ಮಾಡಿ. ಒಂದು ನಿಮಿಷದ ಕೆಲಸ. ಹೆಸರಿಗೆ ದಿನಾಂಕ, ಜಾಗ ಸಾಕು. ವರ್ಷ ಮೊದಲು, ಆಮೇಲೆ ತಿಂಗಳು, ದಿನ ಹಾಕಿದರೆ ಫೈಲುಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ.

ಹಳೇ ಉಪಕರಣ ಇರುವವರು ಎಚ್ಚರ. ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್ ಕಾಲದವುಗಳಲ್ಲಿ ಸೇವ್ ಒತ್ತಿದರೆ ಟ್ರ್ಯಾಕನ್ನು 500 ಚುಕ್ಕಿಗೆ ಇಳಿಸಿ, ಸಮಯವನ್ನೂ ಕಿತ್ತು ಹಾಕುತ್ತದೆ. ಅದರಲ್ಲಿ ಸೇವ್ ಮಾಡಿದ್ದನ್ನು ನಂಬದೆ, ನಡೆಯುತ್ತಿದ್ದ ಲಾಗನ್ನೇ ನೇರ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು.

ಮನೆಯಲ್ಲಿ, ಕಂಪ್ಯೂಟರಿನ ಮುಂದೆ

ಕೇಬಲ್ ಸಿಕ್ಕಿಸಿದರೆ ಉಪಕರಣ ಪೆನ್ ಡ್ರೈವ್ ಥರ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ಮೊದಲು ಕೇಬಲ್ ಬದಲಿಸಿ, ಎಷ್ಟೋ ಕೇಬಲ್ ಬರೀ ಚಾರ್ಜಿಗೆ ಮಾತ್ರ. ಗಾರ್ಮಿನ್ ಫೋಲ್ಡರಿನೊಳಗೆ ಜಿಪಿಎಕ್ಸ್ ಅಂತ ಇನ್ನೊಂದು ಫೋಲ್ಡರ್. ನಿಮ್ಮ ಫೈಲುಗಳು ಅಲ್ಲಿವೆ, ತಾನೇ ಕಟ್ಟಿಟ್ಟವು ಆರ್ಕೈವ್‌ನಲ್ಲಿ. ಮೊದಲು ಇಡೀ ಫೋಲ್ಡರನ್ನೇ ನಕಲು ಮಾಡಿಕೊಳ್ಳಿ. ಮೂಲ ಫೈಲನ್ನು ಯಾವತ್ತೂ ತಿದ್ದಬೇಡಿ, ತಿದ್ದುವುದೆಲ್ಲ ನಕಲಿನಲ್ಲಿ.

ಜಿಪಿಎಕ್ಸ್ ಅನ್ನುವುದು ಸುಮ್ನೆ ಅಕ್ಷರದ ಫೈಲ್, ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಬಹುದು. ಒಮ್ಮೆ ತೆರೆದು ನೋಡಿ, ಒಂದೊಂದು ಚುಕ್ಕಿಯೂ ಅಂಕಿಯಾಗಿ ಕಾಣುತ್ತದೆ. ಸಮಯ ನೋಡಿ ಗಾಬರಿ ಆಗಬೇಡಿ. ಅದರಲ್ಲಿ ಬರೆದಿರುವುದು ಗ್ರೀನಿಚ್ ಕಡೆಯ ಸಾರ್ವತ್ರಿಕ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 5ಕ್ಕೆ ಹೊರಟಿದ್ದರೆ ಫೈಲಿನಲ್ಲಿ ಹಿಂದಿನ ದಿನ ರಾತ್ರಿ 11:30 ಅಂತ ಇರುತ್ತದೆ. ದಿನಾಂಕವೇ ತಪ್ಪು ಅಂತ ನಾನು ಒಮ್ಮೆ ಕೂತು ಕೈಯಲ್ಲಿ ತಿದ್ದಿದ್ದೆ, ಆಮೇಲೆ ಫೋಟೋ ಒಂದೂ ಹೊಂದಲಿಲ್ಲ.

ಶುಚಿ ಮಾಡಲು ಗಾರ್ಮಿನ್‌ನವರದೇ ಬೇಸ್‌ಕ್ಯಾಂಪ್ ತಂತ್ರಾಂಶ ಸಾಕು. ತಲೆ, ಬಾಲ ಕತ್ತರಿಸಿ. ಎಲ್ಲೋ ಒಂದು ಚುಕ್ಕಿ ನೂರು ಮೀಟರ್ ಆಚೆ ಹಾರಿ ಮುಳ್ಳಿನ ಥರ ಚಾಚಿಕೊಂಡಿದ್ದರೆ ಅದನ್ನು ತೆಗೆಯಿರಿ. ಊಟದ ಜೇನುಗೂಡಿನಲ್ಲಿ ಒಂದೆರಡು ಚುಕ್ಕಿ ಉಳಿಸಿ ಮಿಕ್ಕಿದ್ದನ್ನು ಅಳಿಸಿ. ಅಷ್ಟು ಮಾಡಿದರೆ ದೂರ ನಿಜಕ್ಕೆ ಹತ್ತಿರ ಬರುತ್ತದೆ. ಮೊಬೈಲಿನಲ್ಲಿ ನೋಡಬೇಕೆಂದರೆ ಓಎಸ್‌ಎಂಆ್ಯಂಡ್ ಆ್ಯಪಿಗೆ ಅದೇ ಫೈಲ್ ಹಾಕಿ. ಬೇರೆ ಬಗೆಯ ಫೈಲಾಗಿ ಬದಲಿಸಲು ಜಿಪಿಎಸ್‌ಬೇಬಲ್ ಇದೆ, ಉಚಿತ.

ಈಗ ಆ ಗಡಿಯಾರದ ಫೋಟೋ. ಕ್ಯಾಮೆರಾ ಆ ಫೋಟೋಗೆ 6:14:20 ಅಂತ ಬರೆದುಕೊಂಡಿದೆ, ಪರದೆಯಲ್ಲಿ 6:11:05 ಇದೆ ಅಂದುಕೊಳ್ಳಿ. ಕ್ಯಾಮೆರಾ 3 ನಿಮಿಷ 15 ಸೆಕೆಂಡ್ ಮುಂದಿದೆ. ಡಿಜಿಕ್ಯಾಮ್‌ನಂಥ ತಂತ್ರಾಂಶಕ್ಕೆ ಈ ವ್ಯತ್ಯಾಸ ಹೇಳಿ ಜಿಪಿಎಕ್ಸ್ ಫೈಲ್ ಕೊಟ್ಟರೆ ಎಲ್ಲ ಫೋಟೋಗೂ ಜಾಗ ಅಂಟಿಸಿಬಿಡುತ್ತದೆ. ಯಾವ ಹೂವು ಯಾವ ತಿರುವಿನಲ್ಲಿತ್ತು ಅಂತ ಎರಡು ವರ್ಷ ಆದಮೇಲೂ ಹೇಳಬಹುದು.

ಎತ್ತರದ ಅಂಕಿಯನ್ನು ಮಾತ್ರ ಅಷ್ಟಾಗಿ ನಂಬಬೇಡಿ. ಉಪಗ್ರಹದಿಂದ ಸಿಗುವ ಎತ್ತರದಲ್ಲಿ ಅಡ್ಡಳತೆಗಿಂತ ತಪ್ಪು ಹೆಚ್ಚು. ಗಾಳಿಯ ಒತ್ತಡ ಅಳೆಯುವ ಮಾದರಿ ವಾಸಿ, ಆದರೆ ಗೊತ್ತಿರುವ ಎತ್ತರದಲ್ಲಿ ಅದನ್ನು ಹೊಂದಿಸಬೇಕು. ಕುಮಾರ ಪರ್ವತದ ತುದಿ 1,712 ಮೀಟರ್, ಅಲ್ಲೇ ಹೊಂದಿಸಬಹುದು. ಹವೆ ಬದಲಾಗಿ ಒತ್ತಡ ಒಂದು ಮಿಲಿಬಾರ್ ಇಳಿದರೆ, ನೀವು ಕೂತಲ್ಲೇ ಎಂಟು ಹತ್ತು ಮೀಟರ್ ಮೇಲೇರಿದ್ದೀರಿ ಅನ್ನುತ್ತದೆ.

ಹಂಚಿಕೊಳ್ಳುವ ಮುಂಚೆ ಎರಡು ನೋಡಿ. ಟ್ರ್ಯಾಕ್ ನಿಮ್ಮ ಮನೆ ಬಾಗಿಲಿಂದ ಶುರುವಾಗಿದ್ದರೆ ಆ ತುಂಡು ಕತ್ತರಿಸಿ. ಅರಣ್ಯ ಇಲಾಖೆ ಬಿಟ್ಟಿರದ ದಾರಿಯಾಗಿದ್ದರೆ, ಅಥವಾ ಹಕ್ಕಿ ಗೂಡಿನ ಹತ್ತಿರ ಹೋಗುತ್ತಿದ್ದರೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಎಲ್ಲರೂ ನಡೆಯುವ ದಾರಿಯಾದರೆ, ಜನರೇ ಸೇರಿ ಬರೆಯುವ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಏರಿಸಿ, ನಕ್ಷೆ ಬರೆಯುವವರಿಗೆ ಉಪಯೋಗ ಆಗುತ್ತದೆ.

ತೋಟದಲ್ಲಿ

ಚಾರಣ ಹೋಗದವರಿಗೂ ಇದರಿಂದ ಕೆಲಸ ಇದೆ. ತೋಟದ ಸುತ್ತ ನಡೆದು ಬಂದರೆ ವಿಸ್ತೀರ್ಣ ಹೇಳುತ್ತದೆ. ಆದರೆ ಎಷ್ಟು ನಿಜ? ಒಂದು ಎಕರೆ ಚೌಕ ಅಂದರೆ ಬದಿಗೆ ಸುಮಾರು 63.6 ಮೀಟರ್. ಗೆರೆ ಸುತ್ತಲೂ ಒಂದೂವರೆ ಮೀಟರ್ ಹೊರಗೆ ಬಿದ್ದರೆ ನೂರಕ್ಕೆ ಒಂಬತ್ತು, ಹತ್ತರಷ್ಟು ಜಾಸ್ತಿ ತೋರಿಸುತ್ತದೆ. ಹತ್ತು ಗುಂಟೆಯ ತುಂಡಾದರೆ ನೂರಕ್ಕೆ ಇಪ್ಪತ್ತು. ಎಷ್ಟು ಗೊಬ್ಬರ ಬೇಕು, ಎಷ್ಟು ಬೇಲಿ ತಂತಿ ಬೇಕು ಅನ್ನಲು ಸಾಕು. ಪಕ್ಕದ ಮನೆಯವರ ಜೊತೆ ಗಡಿ ಮಾತಾಡಲು ಇದನ್ನು ಹಿಡಿದು ಹೋಗಬೇಡಿ, ಸರ್ವೆಯವರನ್ನೇ ಕರೆಸಿ.

ನಿಜಕ್ಕೂ ಪ್ರಯೋಜನಕ್ಕೆ ಬಂದದ್ದು ಸಿದ್ದಾಪುರದ ಕಡೆ ನಮ್ಮ ಭಾವನ ಮನೆಯ ಅಬ್ಬಿ ನೀರಿಗೆ. ಗುಡ್ಡದ ಮೇಲಿನ ಹಳ್ಳದಿಂದ ಮನೆಗೆ ಒಂದೂಕಾಲು ಕಿಲೋಮೀಟರ್ ಕಪ್ಪು ಪೈಪು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರಿನಲ್ಲಿ ತಾನೇ ಬರುತ್ತದೆ. ಹಂದಿ ಎಳೆದು ಜೋಡಣೆ ಬಿಟ್ಟರೆ ನೀರು ನಿಂತಿತು ಅಂತಲೇ ಲೆಕ್ಕ. ಪೈಪು ದರಕಿನಡಿ, ಅಂದರೆ ಒಣಗಿ ಉದುರಿದ ಎಲೆಯಡಿ, ಹೂತಿರುತ್ತದೆ, ಎಲ್ಲಿ ಜೋಡಣೆ ಇತ್ತು ಅಂತ ಹಾಕಿದವರಿಗೂ ನೆನಪಿಲ್ಲ. ಒಂದು ಬೇಸಿಗೆಯಲ್ಲಿ ಭಾವ ಮುಂದೆ ಕೋಲಿನಲ್ಲಿ ದರಕು ಸರಿಸುತ್ತ, ನಾನು ಹಿಂದೆ ಉಪಕರಣ ಹಿಡಿದು, ಹಳ್ಳದ ಬಾಯಿಂದ ತೊಟ್ಟಿಯವರೆಗೆ ನಡೆದೆವು. ಚುಕ್ಕಿ 5 ಸೆಕೆಂಡಿಗೊಂದು, ಜೋಡಣೆ ಸಿಕ್ಕಲ್ಲೆಲ್ಲ ಒಂದು ನಿಮಿಷ ನಿಂತು ವೇಪಾಯಿಂಟ್. ಒಟ್ಟು 23 ಸಿಕ್ಕವು. ಅದೇ ದಿನ ಮಾಡಬೇಕಾದ ಇನ್ನೊಂದು ಕೆಲಸ, ಜೋಡಣೆ ಪಕ್ಕದ ಮರಕ್ಕೆ ಬಣ್ಣ ಹಚ್ಚುವುದು. ಮರದ ಕೆಳಗೆ ಜಿಪಿಎಸ್ ನಿಮ್ಮನ್ನು ಹತ್ತು ಮೀಟರ್ ಹತ್ತಿರಕ್ಕೆ ತರುತ್ತದೆ, ಅಲ್ಲಿಂದ ಮುಂದೆ ಬಣ್ಣವೇ ಗುರುತು. ಪೈಪು ಎಲ್ಲಿ ಉಬ್ಬಿ ಗಾಳಿ ಕಟ್ಟುತ್ತದೆ ಅಂತ ಮಾತ್ರ ಇದರ ಎತ್ತರದ ಅಂಕಿ ನೋಡಿ ಹೇಳಲು ಆಗಲಿಲ್ಲ. ಅದಕ್ಕೆ ನೀರು ತುಂಬಿದ ಟ್ಯೂಬ್ ಲೆವೆಲ್ಲೇ ಬೇಕಾಯಿತು.

ಕಳೆದ ಮಳೆಗಾಲದಲ್ಲಿ ನೀರು ನಿಂತಾಗ ಭಾವ ಒಬ್ಬರೇ ಹೋಗಿ ಮುಕ್ಕಾಲು ಗಂಟೆಯಲ್ಲಿ 14ನೇ ಜೋಡಣೆ ಹಾಕಿ ಬಂದರಂತೆ. ಉಪಕರಣ ಈಗ ಅಲ್ಲೇ ಇದೆ, ಕತ್ತಿ ಮತ್ತು ಪೈಪಿನ ಜಾಯಿಂಟುಗಳ ಚೀಲದಲ್ಲಿ. ಮುಂದಿನ ಚಾರಣಕ್ಕೆ ಕೇಳಿದರೆ ಮಳೆ ಮುಗಿಯಲಿ ನೋಡೋಣ ಅನ್ನುತ್ತಾರೆ.